ಕ್ಯೂಆರ್ ಫಲಕ ಇರಲಿ, ಖಾತೆ ಬೇರೆಯಾಗಲಿ

ಪ್ರಶ್ನೆ: ಮೇಡಂ, ಉರ್ವ ಮಾರುಕಟ್ಟೆಯ ಹತ್ತಿರ ನಮ್ಮದೊಂದು ಸಣ್ಣ ಚಹಾದಂಗಡಿ. ಗೋಳಿಬಜೆ, ಬನ್ಸ್, ಮಳೆಗಾಲದಲ್ಲಿ ಪತ್ರೊಡೆ. ದಿನಕ್ಕೆ ಸುಮಾರು 4,000 ರೂಪಾಯಿ ವ್ಯಾಪಾರ, ಹೆಚ್ಚಿನದು ಮೊಬೈಲ್ ಮೂಲಕ. ಮೊಬೈಲ್ ಪಾವತಿಯ ದಾಖಲೆ ನೋಡಿ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದದ್ದು ತಿಳಿದಾಗಿನಿಂದ ಯಜಮಾನರು ಕ್ಯೂಆರ್ ಫಲಕ ತೆಗೆದುಬಿಡೋಣ ಎನ್ನುತ್ತಿದ್ದಾರೆ. ಮಗ ಕಳುಹಿಸುವ ಹಣ, ಚೀಟಿಯ ಹಣ ಎಲ್ಲವೂ ಅದೇ ಖಾತೆಗೆ ಬರುತ್ತವೆ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ಫಲಕ ತೆಗೆಯಬೇಡಿ. ನಗದು ಬಂದರೂ ಅದು ವಹಿವಾಟೇ. ಕಾನೂನಿನ ಕಣ್ಣಿಗೆ ನೋಟಿಗೂ ಮೊಬೈಲಿಗೂ ವ್ಯತ್ಯಾಸವಿಲ್ಲ. ಹಿಂದಿನ ದಾಖಲೆಯೂ ಅಳಿಸಿಹೋಗುವುದಿಲ್ಲ.

ನಿಮ್ಮ ಲೆಕ್ಕವನ್ನೇ ನೋಡೋಣ. ಅಂಗಡಿಯಲ್ಲಿ ಕೂರಿಸಿ ತಿಂಡಿ ಕೊಡುವುದು ಸೇವೆ. ಅದಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ, ಅಂದರೆ ದಿನಕ್ಕೆ ಸುಮಾರು 5,500. ಬರೀ ಸರಕು ಮಾರುವವರಿಗೆ ಮಿತಿ 40 ಲಕ್ಷ. ಇದು ಲಾಭವಲ್ಲ, ಒಟ್ಟು ಮಾರಾಟ. ವರ್ಷವಿಡೀ ಬಾಗಿಲು ತೆರೆದಿಟ್ಟರೂ ನಿಮ್ಮದು 15 ಲಕ್ಷ ದಾಟುವುದಿಲ್ಲ. ನಿಮಗೆ ನೋಂದಣಿ ಬೇಕಾಗಿಲ್ಲ.

ಅಪಾಯ ಇರುವುದು ಬೆರೆತುಹೋದ ಖಾತೆಯಲ್ಲಿ. ಮಗನ ಹಣ, ಚೀಟಿಯ ಹಣ ಎಲ್ಲ ಕೂಡಿ 20 ಲಕ್ಷ ದಾಟಿದರೆ, ದೂರದಲ್ಲಿ ಕುಳಿತು ಅಂಕಿ ನೋಡುವವರಿಗೆ ಅದೆಲ್ಲ ಗೋಳಿಬಜೆಯ ಹಣವಾಗಿಯೇ ಕಾಣುತ್ತದೆ. ಈ ವಾರವೇ ಅಂಗಡಿಗೆ ಬೇರೆ ಖಾತೆ ತೆರೆದು ಕ್ಯೂಆರ್ ಅನ್ನು ಅದಕ್ಕೆ ಜೋಡಿಸಿ. ಒಂದು ಪುಸ್ತಕದಲ್ಲಿ ಪ್ರತಿ ರಾತ್ರಿ ನಗದು ಎಷ್ಟು, ಮೊಬೈಲ್ ಎಷ್ಟು ಎಂದು ಬರೆದಿಡಿ. ಹಾಲು, ಮೈದಾ, ಎಣ್ಣೆಯ ಬಿಲ್ಲುಗಳನ್ನೂ ಎಸೆಯಬೇಡಿ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಬದುಕು ಕಳೆದವಳು ನಾನು. ನಮ್ಮ ಕರಾವಳಿಗೆ ಈ ಶಿಸ್ತು ಹೊಸದಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಬ್ಯಾಂಕಿನಿಂದ ಟಿ.ಎಂ.ಎ. ಪೈಯವರು ಪಿಗ್ಮಿ ಎಂಬ ದಿನದ ಉಳಿತಾಯ ಆರಂಭಿಸಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಏಜೆಂಟರು ಅಂಗಡಿ ಅಂಗಡಿಗೆ ಬಂದು ಬರೆದುಕೊಂಡು ಹೋಗುತ್ತಿದ್ದರು. ಆ ಪುಸ್ತಕ ನೋಡಿ ಬ್ಯಾಂಕು ಸಣ್ಣ ವ್ಯಾಪಾರಿಯನ್ನು ನಂಬುತ್ತಿತ್ತು. ಇಂದು ನಿಮ್ಮ ಮೊಬೈಲಿನ ದಾಖಲೆ ಅದೇ ಕೆಲಸ ಮಾಡುತ್ತದೆ. ನಾಳೆ ಫ್ರಿಜ್‌ಗೋ ಗ್ರೈಂಡರ್‌ಗೋ ಸಾಲ ಕೇಳುವಾಗ ತೋರಿಸಲು ಅದು ನಿಮ್ಮ ಕೈಯಲ್ಲಿರಲಿ.

ವ್ಯಾಪಾರ ಬೆಳೆದು 20 ಲಕ್ಷ ದಾಟಿದರೂ ಗಾಬರಿ ಬೇಡ. ಹೋಟೆಲುಗಳಿಗೆ ಒಟ್ಟು ಮಾರಾಟದ ಮೇಲೆ ಒಂದೇ ದರದಲ್ಲಿ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಿದೆ: 1.5 ಕೋಟಿವರೆಗಿನ ವಹಿವಾಟಿಗೆ 5 ಶೇಕಡಾ. ಆದರೆ ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸುವಂತಿಲ್ಲ, ನಿಮ್ಮ ಬೆಲೆಯೊಳಗಿನಿಂದಲೇ ಕಟ್ಟಬೇಕು.

ಪ್ರಶ್ನೆ: ನಮ್ಮ ಮಹಿಳಾ ಸಂಘದವರು ಹಲಸಿನ ಹಪ್ಪಳ ಮಾಡಿ ಪ್ಯಾಕೆಟ್‌ನಲ್ಲಿ ಮಾರುತ್ತೇವೆ. ಈಗ ಮಾವಿನ ಮಿಡಿ ಉಪ್ಪಿನಕಾಯಿ ಹಾಕುವ ಆಲೋಚನೆ. ತೆರಿಗೆ ಬರುತ್ತದೆಯೇ?
– ಕಾರ್ಕಳದ ಓದುಗರು

ಉತ್ತರ: ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಅದನ್ನು ಮಾತ್ರ ಮಾರುವಷ್ಟು ದಿನ ವಹಿವಾಟು ಎಷ್ಟಾದರೂ ನೋಂದಣಿಯ ಅಗತ್ಯವಿಲ್ಲ. ಉಪ್ಪಿನಕಾಯಿಗೆ ತೆರಿಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು 12ರಿಂದ 5 ಶೇಕಡಾಕ್ಕೆ ಇಳಿದಿದೆ. ಅದನ್ನು ಸೇರಿಸಿದ ಮೇಲೆ ಹಪ್ಪಳದ ಮಾರಾಟವೂ ಕೂಡಿ 40 ಲಕ್ಷದ ಲೆಕ್ಕಕ್ಕೆ ಬರುತ್ತದೆ, ನೆನಪಿರಲಿ. ಆಹಾರ ಸುರಕ್ಷತೆಯ ನೋಂದಣಿ ಬೇರೆಯೇ. ಅದರ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಲೇಬೇಕು.

ಪ್ರಶ್ನೆ: ನೋಟಿಸ್ ವಿಷಯದಲ್ಲಿ ರಾಜ್ಯ ಕೇಂದ್ರವನ್ನು, ಕೇಂದ್ರ ರಾಜ್ಯವನ್ನು ದೂರುತ್ತಿವೆ. ಯಾರನ್ನು ನಂಬುವುದು?
– ಮಲ್ಪೆಯ ಓದುಗರು

ಉತ್ತರ: 2025ರ ಜುಲೈಯಲ್ಲಿ ನೋಟಿಸ್ ಕಳುಹಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಮೊದಲು ತಿಳಿಹೇಳದೆ ನೇರವಾಗಿ ಹಳೆಯ ವರ್ಷಗಳ ಲೆಕ್ಕ ಕೇಳಿದ್ದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗದ್ದಲದ ಬಳಿಕ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಆದರೆ ತೆರಿಗೆಯ ದರ, ಮಿತಿಗಳ ಶಿಫಾರಸು ಬರುವುದು ಜಿಎಸ್‌ಟಿ ಮಂಡಳಿಯಿಂದ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಪಾಲು ತೂಕ, ರಾಜ್ಯಗಳದ್ದಕ್ಕೆ ಮೂರನೇ ಎರಡು. ತೀರ್ಮಾನಕ್ಕೆ ಮುಕ್ಕಾಲು ಪಾಲು ಬೇಕು. ಇಬ್ಬರೂ ಹೊಣೆಗಾರರೇ. 2019ರಲ್ಲಿ ಸರಕಿನ ಮಿತಿಯನ್ನು 40 ಲಕ್ಷಕ್ಕೆ ಏರಿಸಿದರು, ಸೇವೆಯದ್ದು ಮಾತ್ರ 2017ರ 20 ಲಕ್ಷದಲ್ಲೇ ನಿಂತಿದೆ. ತೆಂಗಿನೆಣ್ಣೆ, ಗ್ಯಾಸ್ ಬೆಲೆ ಎಲ್ಲಿಗೆ ಮುಟ್ಟಿದೆ ಎಂದು ಚಹಾದಂಗಡಿಯವರನ್ನು ಕೇಳಬೇಕು. ನಿಮ್ಮ ಶಾಸಕರೂ ಸಂಸದರೂ ಊರಿಗೆ ಬಂದಾಗ ಈ ಮಿತಿಯನ್ನು ಯಾವಾಗ ಏರಿಸುತ್ತೀರಿ ಎಂದೇ ಕೇಳಿ.