ಶಾಲೆಗೆ ಬರುವ ಪೊಲೀಸರನ್ನು ಬರಗೊಡಿ

ಮುಧೋಳ ತಾಲ್ಲೂಕಿನ ಪಾಲಕರೊಬ್ಬರ ಪತ್ರ: “ಸಿಬ್ಬಂದಿ ಸಾಲದೆ ಠಾಣೆಯಲ್ಲಿ ಕೇಸುಗಳು ಕೊಳೆಯುತ್ತಿವೆ. ಪೊಲೀಸರು ಮಾತ್ರ ತಿಂಗಳಿಗೊಮ್ಮೆ ನಮ್ಮೂರ ಹೈಸ್ಕೂಲಿಗೆ ಬಂದು ಮಕ್ಕಳ ಜೊತೆ ಹರಟೆ ಹೊಡೆದು ಹೋಗುತ್ತಾರೆ. ಇದರಿಂದ ಯಾರಿಗೇನು ಲಾಭ?”

ಸಿಬ್ಬಂದಿ ಸಾಲದು ಎಂಬ ನಿಮ್ಮ ಮಾತು ಖರೆ. ಆದರೆ ಹರಟೆ ಅಂದಿರಲ್ಲ, ಅದನ್ನು ಒಪ್ಪಲಾರೆ. ಪೊಲೀಸರ ದುಡಿಮೆಗೆ ಶಾಲೆಯಲ್ಲಿ ಸಿಗುವಷ್ಟು ಫಲ ಬೇರೆಲ್ಲೂ ಸಿಗದು.

ಪೊಲೀಸರು ಶಾಲೆಗೆ ಬಂದು ಪಾಠ ಮಾಡುವ ಈ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯನ್ನು ಕೇರಳ 2010ರಲ್ಲಿ ಆರಂಭಿಸಿತು. 2018ರಲ್ಲಿ ಅದು ದೇಶಕ್ಕೆಲ್ಲ ಬಂತು. 8 ಮತ್ತು 9ನೇ ತರಗತಿಗೆ ತಿಂಗಳಿಗೊಂದು ಪಾಠ. ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಮಕ್ಕಳು ಬಾಯಿ ಬಿಡುವುದು ಅದಕ್ಕೇ.

ನಿಮ್ಮ ಭಾಗದ್ದೇ ನೋಡಿ. ಕಾರ್ಖಾನೆ ಶುರುವಾದರೆ ಸಾಕು, ಓಡುವ ಟ್ರ್ಯಾಕ್ಟರಿನ ಬೆನ್ನುಹತ್ತಿ ಕಬ್ಬಿನ ಗಳ ಜಗ್ಗುವ ಹುಡುಗರು. “ಜಗ್ಗಬ್ಯಾಡ್ರೋ” ಅಂದರೆ ಕೇಳುವವರಿಲ್ಲ. ಪಾಠದ ದಿನ ಪೊಲೀಸರು ಕಬ್ಬು ಹೇರಿದ ಎರಡು ಟ್ರೇಲರಿನ ಟ್ರ್ಯಾಕ್ಟರನ್ನು ಮೈದಾನದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಕೀಲಿ ಕಿಸೆಗೆ ಹಾಕಿಕೊಂಡು, ಗಾಲಿಗೆ ಕಲ್ಲು ಕೊಟ್ಟು, ಒಬ್ಬೊಬ್ಬರನ್ನೇ ಡ್ರೈವರ್ ಸೀಟಿಗೆ ಹತ್ತಿಸಬೇಕು. ಗೆಳೆಯರು ಹಿಂದಿನ ಟ್ರೇಲರಿನ ಹಿಂದೆ ನಿಲ್ಲಲಿ. ಹೇರಿನ ಮರೆಯಲ್ಲಿ ಒಬ್ಬನೂ ಕಾಣುವುದಿಲ್ಲ. ಎರಡು ಟ್ರೇಲರುಗಳ ನಡುವೆ ಬಿದ್ದವನ ಮೇಲೆ ಹಿಂದಿನ ಗಾಲಿ ಹೇಗೆ ಹಾಯುತ್ತದೆಂದು ತೋರಿಸಬೇಕಾದದ್ದು ಆಗ.

ಬಾಲ್ಯವಿವಾಹದ ಸುದ್ದಿ ಠಾಣೆಗಿಂತ ಮೊದಲು ಗೆಳತಿಯ ಕಿವಿಗೆ ಬಿದ್ದಿರುತ್ತದೆ. ಅದಕ್ಕೆ ಚೀಟಿ ಪೆಟ್ಟಿಗೆ ಬೇಕು. ಹೆಸರು ಬರೆಯುವಂತಿಲ್ಲ, ಆದರೆ ಪ್ರತಿಯೊಬ್ಬರೂ ಚೀಟಿ ಹಾಕಲೇಬೇಕು, ಖಾಲಿಯಾದರೂ ಸರಿ. ಇಲ್ಲದಿದ್ದರೆ ಬರೆದವಳು ಯಾರೆಂದು ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಚೀಟಿಯನ್ನು ಗಟ್ಟಿಯಾಗಿ ಓದಬಾರದು, ಯಾರ ಅಕ್ಷರವೆಂದು ಕೇಳಲೂಬಾರದು. ಹುಡುಗಿಯ ಜನ್ಮದಿನಾಂಕ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲೇ ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಮದುವೆಗೆ ಮೊದಲೇ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಸಾಮೂಹಿಕ ಮದುವೆಗಳ ಅಕ್ಷಯ ತೃತೀಯ ಬರುವುದು ಬೇಸಿಗೆ ರಜೆಯಲ್ಲಿ; ಈ ಪಾಠ ಫೆಬ್ರುವರಿಯಲ್ಲೇ ಆಗದಿದ್ದರೆ ಮಾಡಿಯೂ ಪ್ರಯೋಜನವಿಲ್ಲ.

ಕೆಡುವುದೂ ಉಂಟು. ಲಾಠಿ ಹಿಡಿದು ಬರುವುದು, ಬಿಸಿಲಲ್ಲಿ ಇಡೀ ಶಾಲೆಯನ್ನು ಸಾಲು ನಿಲ್ಲಿಸಿ ಭಾಷಣ ಬಿಗಿಯುವುದು, ಫೋಟೊ ಹೊಡೆಸಿಕೊಂಡು ಹೊರಡುವುದು. ಎಲ್ಲಕ್ಕಿಂತ ಕೆಟ್ಟದ್ದು, ತಿಂಗಳಿಗೊಬ್ಬ ಹೊಸ ಸಾಹೇಬ. ಅದೇ ಮುಖ ನಾಲ್ಕು ಸಲ ಬಂದರೆ ಮಕ್ಕಳೇ ಗೇಟಿಗೆ ಓಡಿಬಂದು “ಸರ್, ನಮ್ಮ ಓಣ್ಯಾಗ…” ಎಂದು ಶುರುಮಾಡುತ್ತಾರೆ. ಖಾಕಿ ತೊಟ್ಟವರಿಗೆ ಇದಕ್ಕಿಂತ ದೊಡ್ಡ ಪದಕ ಯಾವುದಿದೆ?

“ಅಳಬ್ಯಾಡ, ಪೊಲೀಸ್ ಹಿಡ್ಕೊಂಡು ಹೋಗ್ತಾನ” ಎಂದು ಕೂಸುಗಳನ್ನು ಹೆದರಿಸುವವರು ನಾವೇ, ಪೊಲೀಸರು ಕೇಳಿದರೂ ಮಕ್ಕಳು ಹೇಳಲಿಲ್ಲವೆಂದು ದೂರುವವರೂ ನಾವೇ. 2015ರ ಬಾಲನ್ಯಾಯ ಕಾಯ್ದೆ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆನ್ನುತ್ತದೆ. ಅವರನ್ನೇ ಜಾತ್ರೆಗೂ ಮಂತ್ರಿಗಳ ಬಂದೋಬಸ್ತಿಗೂ ಓಡಿಸಿದರೆ ಪಾಠ ಯಾರು ಮಾಡಬೇಕು? ಪತ್ತೆಯಾದ ಕಳವು ಲೆಕ್ಕಕ್ಕೆ ಬರುತ್ತದೆ; ಗಾಲಿಯಡಿ ಬೀಳದೆ ಉಳಿದ ಹುಡುಗ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನೀವು ಪತ್ರ ಬರೆಯುವಷ್ಟು ಕಾಳಜಿಯುಳ್ಳವರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಹೋಗಿ. ವರ್ಷವಿಡೀ ಒಬ್ಬರೇ ಅಧಿಕಾರಿ ಬರಲಿ, ಪಾಠದ ದಿನ ಅವರಿಗೆ ಬೇರೆ ಡ್ಯೂಟಿ ಬೇಡ ಎಂದು ಠರಾವು ಮಾಡಿಸಿ ಠಾಣೆಗೆ ಕಳಿಸಿ.