ಲಸಿಕೆಯ ನಂತರದ ಜ್ವರ, ಬಾವು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಮಗುವಿಗೆ ಒಂದೂವರೆ ತಿಂಗಳ ಲಸಿಕೆಯನ್ನು ಊರಿನ ಅಂಗನವಾಡಿಯಲ್ಲಿ ಹಾಕಿಸಿದೆವು. ಅಂದು ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಜ್ವರವಿತ್ತು, ತೊಡೆ ಗಟ್ಟಿಯಾಗಿ ಊದಿತ್ತು. ಎದುರುಮನೆಯ ಮಗುವಿಗೆ ಅದೇ ದಿನ ಅದೇ ಲಸಿಕೆ ಹಾಕಿದರೂ ಏನೂ ಆಗಲಿಲ್ಲ. ನಮ್ಮ ಮಗುವಿಗೆ ಲಸಿಕೆ ಒಗ್ಗುವುದಿಲ್ಲ, ಎರಡೂವರೆ ತಿಂಗಳಿನದು ಬೇಡ ಎಂದು ಅತ್ತೆಯವರು ಹೇಳುತ್ತಾರೆ. ಬಿಡಬಹುದೇ?
ಶಿಡ್ಲಘಟ್ಟ ತಾಲ್ಲೂಕಿನ ಓದುಗರು

ಉತ್ತರ: ಬಿಡಬಾರದು. ಅತ್ತೆಯವರ ಆತಂಕ ಸಹಜವಾದದ್ದೇ. ಆರು ವಾರದ ಕೂಸು ರಾತ್ರಿಯಿಡೀ ನರಳುವುದನ್ನು ನೋಡಿದ ಯಾರಿಗಾದರೂ ಹಾಗನ್ನಿಸುತ್ತದೆ. ಆದ್ದರಿಂದ ಆ ಜ್ವರ ಎಲ್ಲಿಂದ ಬಂತೆಂಬುದನ್ನು ಅವರಿಗೂ ತಿಳಿಸಿ ಹೇಳುವುದು ಒಳ್ಳೆಯದು.

ಅಂದು ಕೊಟ್ಟ ಪೆಂಟಾವಲೆಂಟ್ ಲಸಿಕೆಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ (ನ್ಯುಮೋನಿಯಾ, ಮಿದುಳಿನ ಪೊರೆಯ ಸೋಂಕು ತರುವ ಒಂದು ಬ್ಯಾಕ್ಟೀರಿಯಾದ ರೋಗ) ಎಂಬ ಐದು ಕಾಯಿಲೆಗಳ ವಿರುದ್ಧದ ಅಂಶಗಳಿರುತ್ತವೆ. ಜ್ವರಕ್ಕೆ ಹೆಚ್ಚಾಗಿ ಕಾರಣವಾಗುವುದು ನಾಯಿಕೆಮ್ಮಿನ ಭಾಗ, ಏಕೆಂದರೆ ಸರ್ಕಾರಿ ಲಸಿಕೆಯಲ್ಲಿ ಆ ರೋಗಾಣುವನ್ನು ಕೊಂದು ಇಡಿಯಾಗಿಯೇ ಸೇರಿಸಿರುತ್ತಾರೆ. ಸತ್ತ ರೋಗಾಣುವಿನ ಹೊರಗೋಡೆಯನ್ನು ಕಂಡೊಡನೆ ದೇಹದ ಮೊದಲ ಕಾವಲಿನ ಜೀವಕೋಶಗಳು ಎಚ್ಚರಿಕೆಯ ರಾಸಾಯನಿಕಗಳನ್ನು ಹೊರಸೂಸುತ್ತವೆ. ಅವುಗಳಿಂದ ತೊಡೆ ಊದಿಕೊಳ್ಳುತ್ತದೆ, ಮತ್ತು ಅದೇ ಸಂದೇಶ ಮಿದುಳಿನ ಉಷ್ಣತೆ ನಿಯಂತ್ರಿಸುವ ಕೇಂದ್ರವನ್ನು ತಲುಪಿದಾಗ ಮೈ ಬಿಸಿಯಾಗುತ್ತದೆ. ಇದೆಲ್ಲ ಮೊದಲ ಒಂದೆರಡು ದಿನಗಳ ಮಾತು. ರೋಗವನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸುವ ಜೀವಕೋಶಗಳೇ ಬೇರೆ, ಅವುಗಳ ಕೆಲಸ ನಂತರದ ವಾರಗಳಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಹಾಗಾಗಿ ಜ್ವರ ಬಂದ ನಿಮ್ಮ ಮಗುವಿಗೆ ಲಸಿಕೆ ಒಗ್ಗಲಿಲ್ಲವೆಂದಾಗಲಿ, ಜ್ವರ ಬಾರದ ಎದುರುಮನೆಯ ಮಗುವಿಗೆ ಲಸಿಕೆ ಹತ್ತಲಿಲ್ಲವೆಂದಾಗಲಿ ಅರ್ಥವಲ್ಲ.

ಖಾಸಗಿ ಆಸ್ಪತ್ರೆಗಳಲ್ಲಿ 'ನೋವಿಲ್ಲದ ಲಸಿಕೆ' ಎಂದು ಕೊಡುವುದರಲ್ಲಿ ನಾಯಿಕೆಮ್ಮಿನ ರೋಗಾಣುವಿನ ಆಯ್ದ ತುಣುಕುಗಳಷ್ಟೇ ಇರುವುದರಿಂದ ಜ್ವರ ಕಡಿಮೆ ಎಂಬುದು ನಿಜ. ಆದರೆ ಅದರಿಂದ ಸಿಗುವ ರಕ್ಷಣೆ ಬೇಗ ಕುಗ್ಗುತ್ತದೆ. ಆ ಕಾರಣದಿಂದ ಸರ್ಕಾರಿ ಲಸಿಕೆಯನ್ನು ಕೀಳೆಂದು ಭಾವಿಸುವುದನ್ನು ನಾನು ಒಪ್ಪುವುದಿಲ್ಲ.

ಮುಂದಿನ ಸಲ ಜ್ವರ ಬಂದರೆ ತೆಳುವಾದ ಬಟ್ಟೆ ಹಾಕಿ, ಮತ್ತೆ ಮತ್ತೆ ಎದೆಹಾಲು ಕೊಡಿ. ಪ್ಯಾರಾಸಿಟಮಾಲ್ ಪ್ರಮಾಣವು ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಆದರೆ ಹನಿ ಔಷಧದ ಒಂದು ಮಿಲಿಲೀಟರ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇದ್ದರೆ, ಸಿರಪ್ಪಿನ 5 ಮಿಲಿಲೀಟರ್‌ನಲ್ಲಿ 120 ಅಥವಾ 250 ಮಿಲಿಗ್ರಾಂ ಇರುತ್ತದೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವುದು ಅಪಾಯಕಾರಿಯಾದ್ದರಿಂದ ಎಷ್ಟು ಹನಿ ಎಂಬುದನ್ನು ಲಸಿಕೆ ಹಾಕುವ ಸಿಸ್ಟರ್ ಬಳಿಯೇ ಬರೆಸಿಕೊಳ್ಳಿ. ಜ್ವರ ಬರುವ ಮೊದಲೇ ಔಷಧ ಕೊಡಬೇಡಿ. ಚೆಕ್ ಗಣರಾಜ್ಯದ ಮಕ್ಕಳ ಮೇಲೆ ನಡೆದು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಮುಂಚಿತವಾಗಿ ಕೊಟ್ಟಾಗ ಜ್ವರ ಕಡಿಮೆಯಾದರೂ ಹಲವು ಲಸಿಕೆಗಳ ಪ್ರತಿಕಾಯಗಳ ಮಟ್ಟವೂ ತಗ್ಗಿತ್ತು. ಊದಿದ ಜಾಗವನ್ನು ಉಜ್ಜುವುದು, ಸುಣ್ಣ ಅಥವಾ ಅರಿಶಿನ ಹಚ್ಚುವುದು ಬೇಡ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.

ಮೂರು ಗಂಟೆಗೂ ಮೀರಿ ಎಡೆಬಿಡದ ಅಳು, ಫಿಟ್ಸ್, ಮೈ ಬಿಳುಚಿ ಸಡಿಲವಾಗುವುದು, ಹಾಲು ಕುಡಿಯದಿರುವುದು ಕಂಡರೆ, ಅಥವಾ ಜ್ವರ ಎರಡು ದಿನ ದಾಟಿದರೆ, ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಲಸಿಕೆ ಹಾಕಿಸಿ ಅರ್ಧ ಗಂಟೆ ಅಲ್ಲೇ ಕೂರಿಸುವುದು ತೀವ್ರ ಅಲರ್ಜಿಯ ಸಲುವಾಗಿ. ಅದು ಸುಮಾರು ಹತ್ತು ಲಕ್ಷ ಡೋಸ್‌ಗಳಿಗೆ ಒಂದರಂತೆ ಕಾಣಿಸುವಷ್ಟು ಅಪರೂಪ, ಆದರೆ ಬಂದರೆ ಸಾಮಾನ್ಯವಾಗಿ ನಿಮಿಷಗಳಲ್ಲೇ ಬರುತ್ತದೆ. ಅಂಥ ಅಲರ್ಜಿಯಾಗಲಿ, ಮಿದುಳಿಗೆ ಸಂಬಂಧಿಸಿದ ಗಂಭೀರ ತೊಂದರೆಯಾಗಲಿ ಆಗಿದ್ದರೆ ಮುಂದಿನ ಡೋಸ್ ಬಗ್ಗೆ ವೈದ್ಯರು ನಿರ್ಧರಿಸಬೇಕಾಗುತ್ತದೆ. ಒಂದು ದಿನದ ಜ್ವರ ಆ ಸಾಲಿಗೆ ಸೇರುವುದಿಲ್ಲ.

ಪ್ರಶ್ನೆ: ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದ ದಿನ ಮಗು ಆಟವಾಡಿಕೊಂಡೇ ಇತ್ತು. ಎಂಟನೆಯ ದಿನ ಜ್ವರ ಬಂದು ಎದೆಯ ಮೇಲೆ ಕೆಂಪು ಗುಳ್ಳೆಗಳೆದ್ದವು. ಲಸಿಕೆಯಿಂದಲೇ ದಡಾರ ಬಂತೇ?
ಮಧುಗಿರಿಯ ಓದುಗರು

ಉತ್ತರ: ದಡಾರ ಬಂದಿರುವ ಸಾಧ್ಯತೆ ಕಡಿಮೆ. ಇದು ಜೀವಂತ, ಆದರೆ ಬಲಗುಂದಿಸಿದ ವೈರಾಣುವಿನ ಲಸಿಕೆ. ಅದು ದೇಹದೊಳಗೆ ಸ್ವಲ್ಪ ವೃದ್ಧಿಯಾದ ಮೇಲಷ್ಟೇ ರೋಗನಿರೋಧಕ ವ್ಯವಸ್ಥೆ ಎದುರು ನಿಲ್ಲುವುದರಿಂದ, ಜ್ವರ ಮತ್ತು ಗುಳ್ಳೆಗಳು 5ರಿಂದ 12 ದಿನಗಳ ನಡುವೆ ಕಾಣಿಸಿ, ಎರಡು ಮೂರು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಕೆಮ್ಮು, ಕಣ್ಣು ಕೆಂಪಾಗುವುದು ಜೊತೆಗಿದ್ದರೆ, ಅಥವಾ ಊರಿನಲ್ಲಿ ದಡಾರ ಹಬ್ಬಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಹುಟ್ಟಿದ ಕೂಡಲೇ ಕೊಡದೆ ಒಂಬತ್ತು ತಿಂಗಳು ಕಾಯುವುದಕ್ಕೂ ಕಾರಣವಿದೆ: ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಉಳಿದಿದ್ದರೆ, ಲಸಿಕೆಯ ವೈರಾಣುವನ್ನು ಅವೇ ನಿಷ್ಕ್ರಿಯಗೊಳಿಸಿಬಿಡುತ್ತವೆ. ಒಂಬತ್ತು ತಿಂಗಳಲ್ಲಿ ಕೊಟ್ಟರೂ ನೂರಕ್ಕೆ ಸುಮಾರು 85 ಮಕ್ಕಳಲ್ಲಷ್ಟೇ ದಡಾರದ ವಿರುದ್ಧ ರಕ್ಷಣೆ ಮೂಡುತ್ತದೆ. ಉಳಿದವರಿಗಾಗಿ 16ರಿಂದ 24 ತಿಂಗಳ ನಡುವಿನ ಎರಡನೆಯ ಡೋಸ್ ಬೇಕೇ ಬೇಕು; ಆಗ ಇಂಥ ಜ್ವರವೂ ಅಪರೂಪ.

ಪ್ರಶ್ನೆ: ನನಗೆ 42 ವರ್ಷ. ಮಾವಿನ ತೋಟದಲ್ಲಿ ಮಚ್ಚು ತಗುಲಿದ್ದಕ್ಕೆ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಕಳೆದ ವರ್ಷವೂ, ಅದರ ಹಿಂದಿನ ವರ್ಷವೂ ಹಾಕಿಸಿಕೊಂಡಿದ್ದೆ. ಈ ಸಲ ತೋಳು ಮೊಣಕೈವರೆಗೆ ಊದಿಕೊಂಡಿತು. ಇಂಜೆಕ್ಷನ್ ಕೆಟ್ಟಿತ್ತೇ?
ಶ್ರೀನಿವಾಸಪುರದ ಓದುಗರು

ಉತ್ತರ: ಔಷಧ ಕೆಟ್ಟಿತ್ತೆಂದು ಇದರಿಂದ ಹೇಳಲಾಗದು, ನಿಮ್ಮಲ್ಲಿ ಆಗಲೇ ಪ್ರತಿಕಾಯಗಳು ತುಂಬಿದ್ದವು ಎನ್ನುವುದೇ ಹೆಚ್ಚು ಸಂಭವನೀಯ. ಮೊದಲಿನ ಡೋಸ್‌ಗಳನ್ನು ನೆನಪಿಟ್ಟುಕೊಂಡಿರುವ ದೇಹಕ್ಕೆ ಅದೇ ಅಂಶವನ್ನು ಮತ್ತೆ ಮತ್ತೆ ಚುಚ್ಚಿದಾಗ, ರಕ್ತದಲ್ಲಿರುವ ಪ್ರತಿಕಾಯಗಳು ಸೂಜಿ ಹೊಕ್ಕ ಜಾಗದಲ್ಲಿಯೇ ಅದಕ್ಕೆ ಅಂಟಿಕೊಂಡು ದೊಡ್ಡ ಬಾವನ್ನು ಉಂಟುಮಾಡುತ್ತವೆ. ಆರು ವಾರದ ಕೂಸಿಗೆ ಈ ನೆನಪೇ ಇರುವುದಿಲ್ಲವಾದ್ದರಿಂದ ಅದಕ್ಕೆ ಮೂರು ಡೋಸ್ ಬೇಕು; ನಿಮಗೆ ಪ್ರತಿ ಗಾಯಕ್ಕೂ ಒಂದು ಬೇಕಿಲ್ಲ. ಪ್ರಾಥಮಿಕ ಡೋಸ್‌ಗಳೆಲ್ಲ ಪೂರ್ಣವಾಗಿದ್ದವರಿಗೆ ಸ್ವಚ್ಛವಾದ ಸಣ್ಣ ಗಾಯವಾದರೆ ಹಿಂದಿನ ಡೋಸ್‌ನಿಂದ 10 ವರ್ಷ, ಮಣ್ಣು ಅಥವಾ ಗೊಬ್ಬರ ಮೆತ್ತಿದ ಗಾಯವಾದರೆ 5 ವರ್ಷ ಕಳೆದಿದ್ದಾಗ ಮಾತ್ರ ಮತ್ತೆ ಹಾಕಿಸಿಕೊಳ್ಳಬೇಕು. ಈಗ ಸರ್ಕಾರಿ ಕೇಂದ್ರಗಳಲ್ಲಿ ಟಿಟಿ ಬದಲು, ಗಂಟಲಮಾರಿಯ ವಿರುದ್ಧವೂ ರಕ್ಷಣೆ ನೀಡುವ ಟಿಡಿ ಲಸಿಕೆ ಕೊಡುತ್ತಾರೆ. ಈ ಸಲದ ದಿನಾಂಕವನ್ನು ಬರೆದಿಟ್ಟುಕೊಂಡು, ಮುಂದೆ ಗಾಯವಾದಾಗ ಅದನ್ನೇ ಮೊದಲು ವೈದ್ಯರಿಗೆ ತೋರಿಸಿ.