ಒಂದು ಮದುವೆ, ಸಾವಿರ ಬಾಟಲಿ

ಗುಬ್ಬಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

“ಮೇ ತಿಂಗಳಲ್ಲಿ ಮಗಳ ಮದುವೆ, ತುಮಕೂರಿನ ಛತ್ರದಲ್ಲಿ. ಸಾವಿರ ಜನ ಆಗಬಹುದು. ಎಲೆಗೊಂದು ನೀರಿನ ಬಾಟಲಿ ಬೇಡ, ಸ್ಟೀಲ್ ಲೋಟ ಇಡೋಣ, ತಾಂಬೂಲದ ಜೊತೆ ಪ್ಲಾಸ್ಟಿಕ್ ಡಬ್ಬಿ ಕೊಡೋದು ಬೇಡ ಅಂದೆ. ‘ಇರೋದು ಒಬ್ಬಳೇ ಮಗಳು, ಇದರಲ್ಲೂ ಜಿಪುಣತನವಾ?’ ಅಂದರು ನಾದಿನಿ. ‘ಕಸದ ಗಾಡಿ ಬರುತ್ತಲ್ಲ, ನಿನಗ್ಯಾಕೆ ತಲೆನೋವು’ ಅಂತಾರೆ ಯಜಮಾನರು. ನಾನೊಬ್ಬಳು ಬಿಟ್ಟರೆ ಏನಾಗುತ್ತೆ ಅಂತ ನನಗೂ ಅನುಮಾನ. ನೀವೇನಂತೀರಿ?”

ಸಂಪಾದಕರ ಉತ್ತರ:

ತಾಯಿ, ಮೊದಲು ನಿಮ್ಮ ಮಗಳಿಗೆ ನಮ್ಮೆಲ್ಲರ ಹಾರೈಕೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳಿದ್ದು ಸರಿ. ಹಿಂದೆ ಸರಿಯಬೇಡಿ.

ಯಜಮಾನರು ಹೇಳುವ ಗಾಡಿ ಬರುತ್ತದೆ, ನಿಜ. ಅಜ್ಜಗೊಂಡನಹಳ್ಳಿಯ ಕಸದ ಘಟಕಕ್ಕೆ ಹೋಗುತ್ತದೆ. ಅಲ್ಲೂ ಹೊಲ ಮನೆ ಮಾಡಿಕೊಂಡ ಜನ ಇದ್ದಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕು ಎಂದು ಘನತ್ಯಾಜ್ಯ ನಿಯಮವೇ ಹೇಳುತ್ತದೆ. ಮನೆಯಲ್ಲಿ ಎರಡು ಬುಟ್ಟಿ ಇಟ್ಟು ಅದನ್ನು ಮಾಡಬಹುದು. ಛತ್ರದಲ್ಲಿ ಆಗುತ್ತಾ?

ಹೋದ ತಿಂಗಳು ಒಂದು ಮದುವೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋದವನು ಅಲ್ಲೇ ನಿಂತು ನೋಡಿದೆ. ಎಂಜಲೆಲೆ ಎತ್ತುವ ಹೆಂಗಸೊಬ್ಬರು ಮೇಜಿನ ಮೇಲಿನ ಪೇಪರ್ ರೋಲನ್ನು ಎಲೆ, ಬಾಟಲಿ, ಐಸ್‌ಕ್ರೀಮ್ ಕಪ್ಪು ಸಮೇತ ಚಾಪೆ ಸುತ್ತುವ ಹಾಗೆ ಸುತ್ತಿ ಕರಿ ಕವರಿಗೆ ತುರುಕುತ್ತಿದ್ದರು. ಬೇರೆ ಮಾಡಲು ಅವರಿಗೆ ಬಿಡುವೆಲ್ಲಿ? ಮುಂದಿನ ಪಂಕ್ತಿಯವರು ಆಗಲೇ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ಎಷ್ಟೋ ಬಾಟಲಿಗಳಲ್ಲಿ ಅರ್ಧ ನೀರು ಹಾಗೇ ಇತ್ತು. ಸಾವಿರ ಜನ 200 ಮಿಲಿ ಬಾಟಲಿಯಲ್ಲಿ ಅರ್ಧರ್ಧ ಬಿಟ್ಟರೂ 100 ಲೀಟರ್ ಕುಡಿಯುವ ನೀರು, ಮುಚ್ಚಳ ಹಾಕಿಸಿಕೊಂಡು ಕಸದ ಗುಡ್ಡೆಗೆ ಹೋಯಿತು. ಬೋರ್‌ವೆಲ್ ಬತ್ತಿತು ಎಂದು ಗೋಳಾಡುವ ಜಿಲ್ಲೆ ನಮ್ಮದು. ಅವತ್ತು ನನಗೆ ಹೊಟ್ಟೆ ಉರಿಯಿತು.

ಆ ಬಾಳೆ ಎಲೆ ಒಂದೇ ಇದ್ದಿದ್ದರೆ ದನಕ್ಕಾಗುತ್ತಿತ್ತು, ಇಲ್ಲವೇ ತಿಪ್ಪೆಗೆ ಬಿದ್ದು ಗೊಬ್ಬರ ಆಗುತ್ತಿತ್ತು. ಬಾಟಲಿಯ ಜೊತೆ ಕವರಿಗೆ ಹೋದ ಮೇಲೆ ಎಲೆಯೂ ಕೆಟ್ಟಿತು, ಬಾಟಲಿಯೂ ಕೆಟ್ಟಿತು. ಹಾಗಾಗಿ ಕಸದ ವಿಚಾರ ತೀರ್ಮಾನ ಆಗಬೇಕಾದದ್ದು ಗಾಡಿ ಬಂದಾಗ ಅಲ್ಲ, ನಾವು ಸಾಮಾನಿನ ಪಟ್ಟಿ ಬರೆಯುವಾಗ.

ಇನ್ನು ನಾದಿನಿಯವರ ಮಾತು. ಬಾಟಲಿ ಇಡದಿದ್ದರೆ ಜಿಪುಣತನ ಅನ್ನುವುದು ಯಾವಾಗ ಶುರುವಾಯಿತು? ನಾನು ಚಿಕ್ಕವನಿದ್ದಾಗ ಮದುವೆ ಮನೆಯಲ್ಲಿ ಜಗ್ಗು ಹಿಡಿದು ಲೋಟಕ್ಕೆ ನೀರು ಬಡಿಸುವುದು ಹುಡುಗರ ಕೆಲಸ. ನಾನೂ ಓಡಾಡಿ ಬಡಿಸಿದ್ದೇನೆ. ಬಾಟಲಿ ಇಡಿ ಎಂದು ಯಾರೂ ಆರ್ಡರ್ ಮಾಡಲಿಲ್ಲ. ಯಾರೋ ಒಬ್ಬರು ಇಟ್ಟರು. ಊಟಕ್ಕೆ ಬಂದವರು ನೋಡಿದರು. ತಮ್ಮ ಮನೆಯ ಮದುವೆಗೆ, ನಾವೇನು ಕಡಿಮೆಯಾ ಎಂದು ಅವರೂ ಇಟ್ಟರು. ನಮ್ಮ ಮನೆಯ ಗೃಹಪ್ರವೇಶಕ್ಕೆ ನಾನೂ ಇಟ್ಟಿದ್ದೆ, ಅದೇ ಕಾರಣಕ್ಕೆ. ನಾನೊಬ್ಬಳು ಬಿಟ್ಟರೆ ಏನಾಗುತ್ತೆ ಎಂದು ಕೇಳಿದ್ದೀರಿ. ಬಂದಿದ್ದೇ ಒಬ್ಬೊಬ್ಬರ ಮನೆಯಿಂದ ಅಲ್ವಾ? ನಿಮ್ಮ ಛತ್ರದಲ್ಲಿ ಸಾವಿರ ಜನ ಲೋಟದಲ್ಲಿ ನೀರು ಕುಡಿದು ಏಳುತ್ತಾರೆ. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಮುಂದಿನ ವರ್ಷ ಮದುವೆ ಇರುತ್ತದೆ.

ಸರಳ ಮದುವೆಗೆ ಮರ್ಯಾದೆ ಇಲ್ಲ ಎನ್ನುವವರಿಗೆ ಒಂದು ಮಾತು ಹೇಳಿ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಯಾವ ಆಡಂಬರವೂ ಇಲ್ಲದೆ ಮಾಡಿದರು. ನೀವು ಅಷ್ಟು ದೂರವೂ ಹೋಗುತ್ತಿಲ್ಲ. ಊಟ ಕಡಿಮೆ ಮಾಡುತ್ತಿಲ್ಲ, ಕಸ ಕಡಿಮೆ ಮಾಡುತ್ತಿದ್ದೀರಿ.

ಲೋಟ ಎಂದರೆ ಕೆಲಸ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ತೊಳೆಯಲು ಇನ್ನಿಬ್ಬರು ಬೇಕು, ಅವರಿಗೆ ಕೂಲಿ ಕೊಡಬೇಕು. ಬಾಟಲಿಗೆ ಹಾಕುವ ದುಡ್ಡನ್ನು ಕೂಲಿಗೆ ಹಾಕಿ. ನೀರಿಗೆ 20 ಲೀಟರಿನ ಕ್ಯಾನು ಸಾಕು. ಪೇಪರ್ ಲೋಟ ತರುತ್ತೇವೆ ಎಂದು ಯಾರಾದರೂ ಅಂದರೆ ಒಪ್ಪಬೇಡಿ, ಅದರ ಒಳಗೂ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಅಡಿಗೆ ಗುತ್ತಿಗೆಯವರಿಗೆ ಇದನ್ನು ಮುಂಗಡ ಕೊಡುವಾಗಲೇ ಹೇಳಿಬಿಡಿ.

ಡಬ್ಬಿಯ ವಿಚಾರ. ಪತ್ರ ಓದಿದ ಮೇಲೆ ನಮ್ಮ ಮನೆಯ ಅಟ್ಟ ಹತ್ತಿ ಎಣಿಸಿದೆ. ಬೇರೆ ಬೇರೆ ಮನೆಯ ಹೆಸರು, ತಾರೀಖು ಅಂಟಿಸಿದ ಹದಿನೇಳು ಡಬ್ಬಿ. ಮೂರಕ್ಕೆ ಮುಚ್ಚಳ ಇಲ್ಲ. ಒಂದನ್ನೂ ಬಳಸಿಲ್ಲ. ಕಲ್ಪತರು ನಾಡಿನವರು ನಾವು. ಎಲೆ, ಅಡಿಕೆ, ಒಂದು ಒಳ್ಳೆಯ ತೆಂಗಿನಕಾಯಿ ಕೊಟ್ಟರೆ ಮಾರನೇ ದಿನವೇ ಚಟ್ನಿಗೋ ಸಾರಿಗೋ ಆಗುತ್ತದೆ.

ಒಂದು ಕೆಲಸ ಮಾತ್ರ ತಡ ಮಾಡಬೇಡಿ. ಬೀಗರ ಮನೆಗೆ ನೀವೇ ಹೋಗಿ, ಹುಡುಗನ ತಾಯಿಯ ಹತ್ತಿರ ಕೂತು ಮಾತಾಡಿ. ಬೇರೆಯವರ ಬಾಯಿಂದ ಕೇಳಿದರೆ ಅದು ಜಿಪುಣತನದ ಹಾಗೆ ಕೇಳಿಸುತ್ತದೆ. ಛತ್ರದವರ ಹತ್ತಿರ ಎಷ್ಟು ಲೋಟ ಇವೆ ಎಂದು ಈ ವಾರವೇ ಎಣಿಸಿಕೊಂಡು ಬನ್ನಿ. ಒಂದು ಪಂಕ್ತಿ ತೊಳೆಯುತ್ತಿರುವಾಗ ಇನ್ನೊಂದು ಪಂಕ್ತಿ ಕೂರುತ್ತದೆ, ಅದಕ್ಕೆ ಎರಡು ಪಂಕ್ತಿಗಾಗುವಷ್ಟು ಬೇಕು. ಕಡಿಮೆ ಬಿದ್ದರೆ ಪಾತ್ರೆ ಬಾಡಿಗೆಗೆ ಕೊಡುವವರ ಹತ್ತಿರ ಈಗಲೇ ಹೇಳಿಡಿ. ಮೇ ತಿಂಗಳಲ್ಲಿ ಮುಹೂರ್ತ ಜಾಸ್ತಿ, ಆಮೇಲೆ ಸಿಗುವುದಿಲ್ಲ.